ಮೆಡಿಟರೇನಿಯನ್ನಿನ ಐದು ಹಳೆಯ ದ್ವೀಪಗಳು: ನಿಮಗೆ ಯಾವುದು ಸರಿ?

ಒಮ್ಮೆ ಪ್ಯಾರಿಸ್, ಸ್ವಿಟ್ಜರ್ಲೆಂಡ್ ಸುತ್ತಿ ಬಂದವರಲ್ಲಿ ಎಷ್ಟೋ ಜನ ಎರಡನೇ ಸಲ ಮೆಡಿಟರೇನಿಯನ್ ಸಮುದ್ರದ ಕಡೆ ನೋಡುತ್ತಾರೆ. ಮಾಲ್ಟಾ, ಸಿಸಿಲಿ, ಕ್ರೀಟ್, ರೋಡ್ಸ್, ಸೈಪ್ರಸ್. ಐದು ಹೆಸರು ಬರೆದಿಟ್ಟುಕೊಳ್ಳುತ್ತಾರೆ, ಅಲ್ಲಿಂದ ಮುಂದೆ ಹೋಗಲು ಆಗುವುದಿಲ್ಲ. ಫೋಟೋದಲ್ಲಿ ಐದೂ ಒಂದೇ ಥರ ಕಾಣುತ್ತವೆ: ನೀಲಿ ನೀರು, ಜೇನುಬಣ್ಣದ ಕಲ್ಲು, ಬಿಸಿಲು. ಫೋಟೋ ನೋಡಿ ಆರಿಸಲು ಕೂತರೆ ತಿಂಗಳಾದರೂ ತೀರ್ಮಾನ ಆಗುವುದಿಲ್ಲ.

ಬರೀ ಕಡಲತೀರ ಬೇಕಿದ್ದರೆ ಅಷ್ಟು ದೂರ ಹೋಗಬೇಕಾಗಿಲ್ಲ, ನಮ್ಮ ಕರಾವಳಿಯೇ ಇದೆ. ಈ ದ್ವೀಪಗಳ ಸೆಳೆತ ಬೇರೆ. ಫಿನೀಷಿಯನ್ನರು, ಗ್ರೀಕರು, ರೋಮನ್ನರು, ಅರಬ್ಬರು, ನಾರ್ಮನ್ನರು, ವೆನಿಸ್‌ನವರು, ತುರ್ಕರು, ಬ್ರಿಟಿಷರು, ಹೀಗೆ ಹಡಗು ಇದ್ದವರೆಲ್ಲ ಇಲ್ಲಿ ಇಳಿದಿದ್ದಾರೆ. ಬಂದವರು ಹಿಂದಿನವರ ಕಟ್ಟಡವನ್ನು ಪೂರ್ತಿ ಕೆಡವಲಿಲ್ಲ. ಅದರ ಮೇಲೆಯೇ ತಮ್ಮದನ್ನು ಕಟ್ಟಿದರು. ಹಾಗಾಗಿ ಒಂದೇ ಗೋಡೆಯಲ್ಲಿ ಎರಡು ಸಾವಿರ ವರ್ಷ ಕಾಣಿಸುತ್ತದೆ. ಅದನ್ನು ನೋಡುವುದಕ್ಕಾಗಿ ಹೋಗಬೇಕು ಅನ್ನುವುದು ನನ್ನ ಅಭಿಪ್ರಾಯ. ಹಾಗೆ ನೋಡಲು ಹೊರಟರೆ ಆಯ್ಕೆ ಸುಲಭವಾಗುತ್ತದೆ. ನಿಮ್ಮನ್ನು ಎಳೆಯುವುದು ಯಾವ ಕಾಲ, ಅದಕ್ಕೆ ನಿಮ್ಮ ಹತ್ತಿರ ಎಷ್ಟು ದಿನ ಇದೆ? ಮಿಕ್ಕಿದ್ದೆಲ್ಲ ಈ ಎರಡು ಪ್ರಶ್ನೆಗಳ ಹಿಂದೆ ಬರುತ್ತದೆ.

ಮೊದಲು ಕೇಳಿಕೊಳ್ಳಬೇಕಾದದ್ದು

ದಿನಗಳಿಂದ ಶುರು ಮಾಡೋಣ. ಬೆಂಗಳೂರಿನಿಂದ ಈ ಐದರಲ್ಲಿ ಯಾವುದಕ್ಕೂ ನೇರ ವಿಮಾನವಿಲ್ಲ. ಹೋಗುವುದಕ್ಕೆ, ಬರುವುದಕ್ಕೆ ಅಂತ ಎರಡು ದಿನ ಪಕ್ಕಕ್ಕಿಟ್ಟು ಉಳಿದದ್ದನ್ನು ಎಣಿಸಿ. ಆಮೇಲೆ ದ್ವೀಪದ ಅಳತೆ ನೋಡಿ. ಮಾಲ್ಟಾ ದೇಶವೇ 316 ಚದರ ಕಿಲೋಮೀಟರ್. ರೋಡ್ಸ್ ಸುಮಾರು 1,400. ಕ್ರೀಟ್ 8,300ರ ಆಸುಪಾಸು, ಸೈಪ್ರಸ್ 9,250, ಸಿಸಿಲಿ 25,700. ಎಲ್ಲವನ್ನೂ 'ದ್ವೀಪ' ಅಂತಲೇ ಕರೆಯುತ್ತೇವೆ, ಆದರೆ ಮಾಲ್ಟಾಗೂ ಸಿಸಿಲಿಗೂ ಎಂಬತ್ತು ಪಟ್ಟು ವ್ಯತ್ಯಾಸವಿದೆ. ಐದು ದಿನದಲ್ಲಿ ಸಿಸಿಲಿ ಮುಗಿಸುತ್ತೇನೆ ಅಂದುಕೊಂಡವರು ದಿನದ ಅರ್ಧ ಬಸ್ಸಿನಲ್ಲೇ ಕಳೆಯುತ್ತಾರೆ.

ಎರಡನೆಯದು ಓಡಾಟ. ಕಾರು ಓಡಿಸುತ್ತೀರಾ? ಮಾಲ್ಟಾ ಮತ್ತು ಸೈಪ್ರಸ್ ಬ್ರಿಟಿಷರ ಕೈಯಲ್ಲಿದ್ದವು. ಹಾಗಾಗಿ ಅಲ್ಲಿ ನಮ್ಮ ಹಾಗೆಯೇ ರಸ್ತೆಯ ಎಡಭಾಗದಲ್ಲಿ ಗಾಡಿ ಓಡಿಸುತ್ತಾರೆ. ಇಟಲಿಗೆ ಸೇರಿದ ಸಿಸಿಲಿ, ಗ್ರೀಸ್‌ಗೆ ಸೇರಿದ ಕ್ರೀಟ್, ರೋಡ್ಸ್‌ನಲ್ಲಿ ಬಲಭಾಗ. ಇಟಲಿ, ಗ್ರೀಸ್‌ನಲ್ಲಿ ಕಾರು ಬಾಡಿಗೆಗೆ ಬೇಕೆಂದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇರಬೇಕು. ಹೊರಡುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ಮಾಡಿಸಿಕೊಳ್ಳಿ.

ಜೊತೆಗೆ ಯಾರು ಬರುತ್ತಾರೆ ಅನ್ನುವುದು ಮೂರನೆಯದು. ಹಳೆಯ ಊರು ಅಂದರೆ ಏರು, ಮೆಟ್ಟಿಲು, ಉರುಟು ಕಲ್ಲಿನ ಹಾಸು. ಮಂಡಿನೋವಿನ ಅಪ್ಪ ಅಮ್ಮ ಜೊತೆಗಿದ್ದರೆ ದ್ವೀಪ ಮಾತ್ರ ಅಲ್ಲ, ಉಳಿಯುವ ಬೀದಿಯನ್ನೂ ನೋಡಿ ಆರಿಸಬೇಕು.

ಇನ್ನು ಊಟ. ಸಸ್ಯಾಹಾರಿಗಳಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ? ಐದೂ ಕಡೆ ಹಸಿವಿನಿಂದ ಇರಬೇಕಾಗಿ ಬರುವುದಿಲ್ಲ. ಆದರೆ ಒಂದೊಂದು ಕಡೆ ಸಿಗುವುದು ಒಂದೊಂದು ಥರ. ಅದನ್ನು ಆಯಾ ದ್ವೀಪದ ಜೊತೆಗೇ ಹೇಳುತ್ತೇನೆ.

ಕಾಲದ ವಿಷಯದಲ್ಲಿ ನಮಗೆ ಅದೃಷ್ಟವಿದೆ. ಈ ದ್ವೀಪಗಳಿಗೆ ಏಪ್ರಿಲ್-ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ನಮ್ಮ ಶಾಲೆಗಳ ಬೇಸಿಗೆ ರಜೆ ಮತ್ತು ದಸರಾ ರಜೆ ಇದಕ್ಕೆ ಸರಿಯಾಗಿ ಹೊಂದುತ್ತವೆ. ಜುಲೈ-ಆಗಸ್ಟ್ ಬೇಡವೇ ಬೇಡ. ಆಗ ಯುರೋಪಿನವರೇ ರಜೆ ಹಾಕಿ ಬರುತ್ತಾರೆ, ರೂಮಿನ ಬಾಡಿಗೆ ಏರುತ್ತದೆ, ಬಿಸಿಲು ತಡೆಯಲಾಗುವುದಿಲ್ಲ. 2021ರ ಆಗಸ್ಟ್‌ನಲ್ಲಿ ಸಿಸಿಲಿಯ ಸಿರಾಕ್ಯೂಸ್ ಹತ್ತಿರ 48.8 ಡಿಗ್ರಿ ದಾಖಲಾಗಿತ್ತು. ಅಂಥ ಬಿಸಿಲಲ್ಲಿ ನೆರಳಿಲ್ಲದ ಗ್ರೀಕ್ ದೇವಾಲಯದ ಮುಂದೆ ನಿಂತು ಏನು ನೋಡಲು ಸಾಧ್ಯ?

ವೀಸಾ ಬಗ್ಗೆ ಇಷ್ಟು ತಿಳಿದಿದ್ದರೆ ಸಾಕು. ಮಾಲ್ಟಾ, ಇಟಲಿ, ಗ್ರೀಸ್ ಮೂರಕ್ಕೂ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುಪಾಲು ದೇಶಗಳಿಗೆ ನಡೆಯುವ ಒಂದೇ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಇದರ ಮೇಲೆ ಅರ್ಜಿ ಕೇಂದ್ರದ ಸೇವಾ ಶುಲ್ಕ ಇರುತ್ತದೆ. ಹೆಚ್ಚು ದಿನ ಎಲ್ಲಿ ಉಳಿಯುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಸೈಪ್ರಸ್ ಕಥೆ ಸ್ವಲ್ಪ ಬೇರೆ, ಅದು ಮುಂದೆ ಬರುತ್ತದೆ.

ಮಾಲ್ಟಾ: ಕಡಿಮೆ ದಿನ, ಜಾಸ್ತಿ ಇತಿಹಾಸ

ಒಂದು ವಾರ ಮಾತ್ರ ಸಿಗುತ್ತದೆ, ಕಾರು ಓಡಿಸುವುದಿಲ್ಲ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಅನ್ನುವವರಿಗೆ ನಾನು ಯೋಚಿಸದೆ ಹೇಳುವ ಹೆಸರು ಮಾಲ್ಟಾ. ಮುಖ್ಯ ದ್ವೀಪ ಈ ತುದಿಯಿಂದ ಆ ತುದಿಗೆ 27 ಕಿಲೋಮೀಟರ್. ಒಂದೇ ಕಡೆ ರೂಮು ಮಾಡಿ, ದಿನವೂ ಬಸ್ಸಿನಲ್ಲಿ ಹೋಗಿ ಬರಬಹುದು. ಪೆಟ್ಟಿಗೆ ಕಟ್ಟುವ, ಬಿಚ್ಚುವ ಕೆಲಸವೇ ಇಲ್ಲ. ಇಂಗ್ಲಿಷ್ ಅಲ್ಲಿನ ಆಡಳಿತ ಭಾಷೆಗಳಲ್ಲಿ ಒಂದು.

ಇಲ್ಲಿನ ಇತಿಹಾಸಕ್ಕೆ ಎರಡು ತುದಿ. ಒಂದು ತುದಿ ತುಂಬಾ ಹಳೆಯದು. ಮಾಲ್ಟಾ ದೇಶದ್ದೇ ಆದ ಪಕ್ಕದ ಗೋಜೊ ದ್ವೀಪದ ಜಗಂತೀಯಾ ದೇವಾಲಯಗಳನ್ನು ಕಟ್ಟಿದ್ದು ಸುಮಾರು ಕ್ರಿ.ಪೂ. 3600ರಲ್ಲಿ, ಅಂದರೆ ಈಜಿಪ್ಟಿನ ಪಿರಮಿಡ್‌ಗಳಿಗಿಂತ ಸಾವಿರ ವರ್ಷ ಮುಂಚೆ. ಲೋಹ ಗೊತ್ತಿಲ್ಲದ ಜನ ಆ ಬಂಡೆಗಳನ್ನು ನಿಲ್ಲಿಸಿದರು. ಪಾವ್ಲಾ ಊರಿನ ಮನೆಗಳ ಕೆಳಗೆ ಹಲ್ ಸಫ್ಲಿಯೇನಿ ಅನ್ನುವ ನೆಲದಡಿಯ ಸಮಾಧಿ ಸ್ಥಳವಿದೆ. 1902ರಲ್ಲಿ ಕಟ್ಟಡದ ಕೆಲಸ ಮಾಡುವಾಗ ಸಿಕ್ಕಿದ್ದು. ಬಂಡೆಯನ್ನು ಕೊರೆದು ಮೂರು ಅಂತಸ್ತು ಮಾಡಿದ್ದಾರೆ. ಒಳಗಿನ ಕೆಂಪು ಚಿತ್ರಗಳು ಉಸಿರಿನ ತೇವಕ್ಕೂ ಹಾಳಾಗುತ್ತವೆ ಅಂತ ಒಂದು ಸಲಕ್ಕೆ ಹತ್ತೇ ಜನರನ್ನು ಬಿಡುತ್ತಾರೆ. ಟಿಕೆಟ್ ವಾರಗಳ ಮುಂಚೆ ಮುಗಿದಿರುತ್ತದೆ. ವಿಮಾನದ ಟಿಕೆಟ್ ಆದ ದಿನವೇ ಇದನ್ನೂ ಮಾಡಿಸಿ. ಆರು ವರ್ಷದೊಳಗಿನ ಮಕ್ಕಳಿಗೆ ಪ್ರವೇಶವಿಲ್ಲ.

ಇನ್ನೊಂದು ತುದಿ ಸೇಂಟ್ ಜಾನ್ ಪಂಥದ ನೈಟ್‌ಗಳದು. ಇವರು ಯೋಧರೂ ಹೌದು, ಸನ್ಯಾಸಿಗಳೂ ಹೌದು. 1522ರಲ್ಲಿ ತುರ್ಕರ ಒಟ್ಟೋಮನ್ ಸುಲ್ತಾನ ಸುಲೇಮಾನ್ ಇವರನ್ನು ರೋಡ್ಸ್‌ನಿಂದ ಓಡಿಸಿದ. 1530ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಇವರಿಗೆ ಮಾಲ್ಟಾ ಕೊಟ್ಟ. 1565ರಲ್ಲಿ ಅದೇ ಸುಲೇಮಾನನ ಪಡೆ ಮತ್ತೆ ಬಂತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮುತ್ತಿಗೆ ನಡೆಯಿತು. ಈ ಸಲ ನೈಟ್‌ಗಳು ಸೋಲಲಿಲ್ಲ. ಮರುವರ್ಷವೇ ತಮ್ಮ ನಾಯಕ ಲಾ ವಲೆಟ್‌ನ ಹೆಸರಲ್ಲಿ ಹೊಸ ಊರಿಗೆ ಅಡಿಗಲ್ಲು ಹಾಕಿದರು. ಅದೇ ವಲೆಟ್ಟಾ. ಇಡೀ ಊರೇ ಒಂದು ಕೋಟೆ. ಬೀದಿಗಳು ನೇರವಾಗಿ ಸಮುದ್ರಕ್ಕೆ ಇಳಿಯುತ್ತವೆ. ಸೇಂಟ್ ಜಾನ್ ಕೋ-ಕ್ಯಾಥೆಡ್ರಲ್ ಹೊರಗಿನಿಂದ ಸಾದಾ. ಒಳಗೆ ಹೋದರೆ ನೆಲದ ತುಂಬ ನೈಟ್‌ಗಳ ಬಣ್ಣಗಲ್ಲಿನ ಸಮಾಧಿಫಲಕಗಳು. ಪಕ್ಕದ ಕೋಣೆಯಲ್ಲಿ ಇಟಲಿಯ ಚಿತ್ರಕಾರ ಕರವಾಜಿಯೋ 1608ರಲ್ಲಿ ಬರೆದ ದೊಡ್ಡ ಚಿತ್ರವಿದೆ, ಸಂತ ಜಾನನ ಶಿರಚ್ಛೇದ. ಆತ ಸಹಿ ಹಾಕಿದ ಒಂದೇ ಚಿತ್ರ ಅದು. ಸಹಿ ಇರುವುದು ಚಿತ್ರದೊಳಗೆ ಹರಿದ ರಕ್ತದಲ್ಲಿ. ಅದರ ಮುಂದೆ ಬೆಂಚಿನ ಮೇಲೆ ಕೂತು ನಿಧಾನವಾಗಿ ನೋಡಿ. ಅವಸರ ಮಾಡಬೇಡಿ.

ಬಂದರಿನ ಆಚೆ ದಡದಲ್ಲಿ ಬಿರ್ಗು ಅನ್ನುವ ಹಳೆಯ ಊರು. ಮುತ್ತಿಗೆಯ ಹೊತ್ತಿಗೆ ನೈಟ್‌ಗಳು ಇದ್ದದ್ದು ಅಲ್ಲೇ. ಸಣ್ಣ ದೋಣಿಯಲ್ಲಿ ದಾಟಬಹುದು. ವಲೆಟ್ಟಾದಲ್ಲಿ ನೂಕುನುಗ್ಗಲು ಇರುವಾಗಲೂ ಅಲ್ಲಿ ಸಮಾಧಾನವಾಗಿ ನಡೆಯಬಹುದು. ಒಳನಾಡಿನ ಮ್ದೀನಾ ಹಳೆಯ ರಾಜಧಾನಿ. ಸಂಜೆ ಪ್ರವಾಸಿ ಬಸ್ಸುಗಳು ಹೊರಟ ಮೇಲೆ ಹೋಗಿ.

ಊಟಕ್ಕೆ ಪಸ್ತಿಜ್ಜಿ ಅಂತ ಸಿಗುತ್ತದೆ. ನಮ್ಮ ಅಯ್ಯಂಗಾರ್ ಬೇಕರಿಯ ಪಫ್ಸ್ ಥರ ಪದರ ಪದರ, ಒಳಗೆ ಬೆಂದ ಬಟಾಣಿ ಅಥವಾ ರಿಕೋಟಾ ಚೀಸ್. ಅಗ್ಗ, ಬಿಸಿ, ಹೊಟ್ಟೆ ತುಂಬುತ್ತದೆ. ಕೆಲವು ಕಡೆ ಹಿಟ್ಟಿಗೆ ಪ್ರಾಣಿಕೊಬ್ಬು ಹಾಕುವುದುಂಟು. ಕಟ್ಟುನಿಟ್ಟಿನವರು ಕೇಳಿ ತಿನ್ನಿ. ಕೆಲಸಕ್ಕೆ ಹೋದ ಭಾರತೀಯರು ಅಲ್ಲಿ ತುಂಬಾ ಜನ ಇದ್ದಾರೆ, ಹಾಗಾಗಿ ಸ್ಲೀಮಾ, ಸೇಂಟ್ ಜೂಲಿಯನ್ಸ್ ಕಡೆ ನಮ್ಮ ಊಟದ ಹೋಟೆಲುಗಳೂ ಇವೆ.

ಕೊರತೆಗಳನ್ನೂ ಹೇಳಬೇಕು. ಮಾಲ್ಟಾ ಜನದಟ್ಟಣೆಯ ದೇಶ. ಎಲ್ಲಿ ನೋಡಿದರೂ ಕಟ್ಟಡ ಕೆಲಸದ ಕ್ರೇನ್‌ಗಳು. ಬಸ್ಸು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಡು, ಬೆಟ್ಟ, ನದಿ ಏನೂ ಇಲ್ಲ. ಕೊಮಿನೋ ಅನ್ನುವ ಪುಟ್ಟ ದ್ವೀಪದ ಬ್ಲೂ ಲಗೂನ್ ಬೇಸಿಗೆಯಲ್ಲಿ ಕಿಕ್ಕಿರಿದಿರುತ್ತದೆ. ಹಳೆಯ ಫೋಟೋಗಳಲ್ಲಿ ಕಾಣುವ 'ಅಜೂರ್ ವಿಂಡೋ' ಕಲ್ಲಿನ ಕಮಾನು 2017ರಲ್ಲೇ ಸಮುದ್ರಕ್ಕೆ ಕುಸಿದುಹೋಯಿತು. ಪ್ರಕೃತಿಯೇ ಬೇಕು ಅನ್ನುವವರು ಎರಡು ರಾತ್ರಿ ಗೋಜೊದಲ್ಲಿ ಉಳಿಯಿರಿ. ಫೆರಿಯಲ್ಲಿ ಅರ್ಧ ಗಂಟೆಯೂ ಬೇಡ.

ಸಿಸಿಲಿ: ದಿನಗಳಿದ್ದರೆ ಇದಕ್ಕೆ ಸಮ ಇನ್ನೊಂದಿಲ್ಲ

ಐದರಲ್ಲಿ ನನ್ನ ಮನಸ್ಸು ಎಳೆಯುವುದು ಸಿಸಿಲಿಯ ಕಡೆಗೇ. ಆದರೆ ಹತ್ತು ದಿನ ಇಲ್ಲದವರಿಗೆ ನಾನು ಇದನ್ನು ಹೇಳುವುದಿಲ್ಲ.

ಸಿರಾಕ್ಯೂಸ್‌ನ ಓರ್ತೀಜಿಯಾ ಭಾಗದಲ್ಲಿರುವ ಕ್ಯಾಥೆಡ್ರಲ್ ಒಂದನ್ನು ನೋಡಿದರೆ ಈ ಸಮುದ್ರದ ಕಥೆ ಅರ್ಥವಾಗುತ್ತದೆ. ಕ್ರಿ.ಪೂ. 5ನೇ ಶತಮಾನದಲ್ಲಿ ಅದು ಅಥೇನಾ ದೇವಿಯ ಗುಡಿ. 7ನೇ ಶತಮಾನದಲ್ಲಿ ಕಂಬಗಳ ನಡುವೆ ಗೋಡೆ ಕಟ್ಟಿ ಚರ್ಚು ಮಾಡಿದರು. ಅರಬ್ಬರ ಕಾಲದಲ್ಲಿ ಮಸೀದಿಯಾಯಿತು. ಉತ್ತರ ಫ್ರಾನ್ಸ್ ಮೂಲದ ನಾರ್ಮನ್ನರು ಬಂದು ಮತ್ತೆ ಚರ್ಚು ಮಾಡಿದರು. 1693ರ ಭೂಕಂಪದ ನಂತರ ಮುಂಭಾಗವನ್ನು ಅಲಂಕಾರ ತುಂಬಿದ ಬರೋಕ್ ಶೈಲಿಯಲ್ಲಿ ಕಟ್ಟಿದರು. ಇವತ್ತಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಪಕ್ಕದ ಬೀದಿಯಲ್ಲಿ ನಡೆದರೆ ಗೋಡೆಯಿಂದ ಗ್ರೀಕ್ ಕಂಬಗಳು ಹೊರಗೆ ಚಾಚಿರುವುದು ಕಾಣುತ್ತದೆ. ಕೈ ಇಟ್ಟು ಮುಟ್ಟಬಹುದು. ಆರ್ಕಿಮಿಡೀಸ್ ಇದ್ದದ್ದು, ಕ್ರಿ.ಪೂ. 212ರಲ್ಲಿ ರೋಮನ್ನರ ಕೈಯಲ್ಲಿ ಸತ್ತದ್ದು ಇದೇ ಊರಿನಲ್ಲಿ.

ಪಲೆರ್ಮೊ ಬೇರೆಯದೇ ಲೋಕ. ಅರಬ್ಬರು 831ರಲ್ಲಿ ಗೆದ್ದು ರಾಜಧಾನಿ ಮಾಡಿಕೊಂಡ ಊರು, 1072ರಲ್ಲಿ ನಾರ್ಮನ್ನರ ಪಾಲಾಯಿತು. ಗೆದ್ದ ರಾಜರು ಅರಬ್ ಕುಶಲಕರ್ಮಿಗಳನ್ನು ಓಡಿಸಲಿಲ್ಲ, ಕೆಲಸ ಕೊಟ್ಟರು. ಎರಡನೇ ರೋಜರ್ ಕಟ್ಟಿಸಿದ ಕಪೆಲ್ಲಾ ಪಲಟೀನಾದಲ್ಲಿ ಗೋಡೆಯ ಮೇಲೆ ಬೈಜಾಂಟೈನ್ (ಪೂರ್ವ ರೋಮನ್ ಸಾಮ್ರಾಜ್ಯದ) ಶೈಲಿಯ ಮೊಸಾಯಿಕ್, ಅಂದರೆ ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರ, ತಲೆಯ ಮೇಲೆ ಅರಬ್ ಮರಗೆಲಸದ ಚಾವಣಿ, ಕೆಳಗೆ ಲ್ಯಾಟಿನ್ ಪ್ರಾರ್ಥನೆ. ಜೀಸಾ ಅರಮನೆಯ ಮ್ಯೂಸಿಯಮ್ಮಿನಲ್ಲಿ 1149ರ ಒಂದು ಸಮಾಧಿಗಲ್ಲಿದೆ. ಪಾದ್ರಿಯೊಬ್ಬ ತನ್ನ ತಾಯಿಗಾಗಿ ಹಾಕಿಸಿದ್ದು. ಅದರ ಮೇಲೆ ಲ್ಯಾಟಿನ್, ಗ್ರೀಕ್, ಅರೇಬಿಕ್ ಮತ್ತು ಹೀಬ್ರೂ ಲಿಪಿಯಲ್ಲಿ ಬರೆದ ಅರೇಬಿಕ್, ಹೀಗೆ ನಾಲ್ಕು ಬಗೆಯ ಬರಹವಿದೆ. ಮೊನ್ರಿಯಾಲೆಯ ಕ್ಯಾಥೆಡ್ರಲ್ ಪಲೆರ್ಮೊದಿಂದ ಎಂಟು ಕಿಲೋಮೀಟರ್ ಅಷ್ಟೇ. ಒಳಗೆ ಎಲ್ಲಿ ನೋಡಿದರೂ ಬಂಗಾರದ ಮೊಸಾಯಿಕ್. ಅದನ್ನು ಬಿಟ್ಟು ಬರಬೇಡಿ.

ದಕ್ಷಿಣದ ಅಗ್ರಿಜೆಂಟೊದಲ್ಲಿ ಗ್ರೀಕ್ ದೇವಾಲಯಗಳ ಸಾಲೇ ಇದೆ. ಕಾಂಕಾರ್ಡಿಯಾ ದೇವಾಲಯ ಇಷ್ಟು ಚೆನ್ನಾಗಿ ಉಳಿದಿರುವುದು 6ನೇ ಶತಮಾನದಲ್ಲಿ ಅದನ್ನು ಚರ್ಚು ಮಾಡಿದ್ದರಿಂದ. ಹಿರಿಯರು ಜೊತೆಗಿದ್ದರೆ ಮೇಲಿನ ಬಾಗಿಲಲ್ಲಿ, ಜೂನೋ ದೇವಾಲಯದ ಕಡೆಯಿಂದ ಒಳಗೆ ಹೋಗಿ. ಅಲ್ಲಿಂದ ಇಳಿಜಾರು.

ಒಳನಾಡಿನ ಪಿಯಾಜಾ ಅರ್ಮೆರೀನಾ ಹತ್ತಿರ 4ನೇ ಶತಮಾನದ ರೋಮನ್ ಬಂಗಲೆಯಿದೆ, ವಿಲ್ಲಾ ರೊಮಾನಾ ದೆಲ್ ಕಸಾಲೆ. ಸುಮಾರು 3,500 ಚದರ ಮೀಟರ್ ಮೊಸಾಯಿಕ್ ನೆಲ. ರೋಮಿನ ಆಟಗಳಿಗಾಗಿ ಕಾಡುಪ್ರಾಣಿಗಳನ್ನು ಹಿಡಿದು ಹಡಗಿಗೆ ಏರಿಸುವ ಉದ್ದನೆಯ ಚಿತ್ರವೊಂದಿದೆ. ಅದರ ಒಂದು ಕೊನೆಯಲ್ಲಿ ಆನೆ, ಹುಲಿಗಳ ನಡುವೆ ಒಬ್ಬ ಹೆಂಗಸು ಕೂತಿದ್ದಾಳೆ. ಅವಳು ಭಾರತದ ಪ್ರತೀಕ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಅಲ್ಲಿಗೆ ಹೋದ ಕನ್ನಡಿಗರು ಆ ಮೂಲೆಯನ್ನು ಹುಡುಕಿ ನೋಡಲೇಬೇಕು. ಆದರೆ ಬಸ್ಸಿನಲ್ಲಿ ಈ ಜಾಗ ತಲುಪುವುದು ಕಷ್ಟ. ಕಾರು ಇಲ್ಲದಿದ್ದರೆ ಪೂರ್ವ ತೀರದ ಕತಾನಿಯಾ ಊರಿನಿಂದ ಒಂದು ದಿನದ ಟೂರ್ ಹಿಡಿಯಿರಿ.

ಎಟ್ನಾ ಜ್ವಾಲಾಮುಖಿ ಇನ್ನೂ ಉರಿಯುತ್ತಿದೆ. ಕೇಬಲ್ ಕಾರು 2,500 ಮೀಟರ್‌ವರೆಗೆ ಕರೆದೊಯ್ಯುತ್ತದೆ. ಮೇ ತಿಂಗಳಲ್ಲೂ ಸ್ವೆಟರ್ ಬೇಕು.

ಸಸ್ಯಾಹಾರಿಗಳಿಗೆ ಸಿಸಿಲಿ ತುಂಬಾ ಒಳ್ಳೆಯದು. ಪಲೆರ್ಮೊದ ಬೀದಿಯಲ್ಲಿ ಪನೆಲ್ಲೆ ಅಂತ ಕರಿದು ಕೊಡುತ್ತಾರೆ, ಅದು ಪೂರ್ತಿ ಕಡಲೆಹಿಟ್ಟು. ಕತಾನಿಯಾದ ಪಾಸ್ತಾ ಅಲ್ಲಾ ನೋರ್ಮಾದಲ್ಲಿ ಬದನೆಕಾಯಿ, ಟೊಮೇಟೊ, ಉಪ್ಪು ಹಾಕಿ ಒಣಗಿಸಿದ ರಿಕೋಟಾ. ಕಪೊನಾಟಾ ಅಂದರೆ ಹುಳಿ-ಸಿಹಿಯ ಬದನೆಕಾಯಿ ಪಲ್ಯ. ಅರಂಚೀನಿ ಅನ್ನುವ ಕರಿದ ಅನ್ನದ ಉಂಡೆಯ ಒಳಗೆ ಸಾಮಾನ್ಯವಾಗಿ ಮಾಂಸ ಇರುತ್ತದೆ, ಪಾಲಕ್ ಹಾಕಿದ್ದು ಬೇಕು ಅಂತ ಕೇಳಿ.

ಕಷ್ಟವೆಂದರೆ ದೂರ. ಪಲೆರ್ಮೊದಿಂದ ಕತಾನಿಯಾಕ್ಕೆ ಸುಮಾರು ಮೂರು ಗಂಟೆ. ಸಣ್ಣ ಊರುಗಳಿಗೆ ಭಾನುವಾರ ಬಸ್ಸೇ ಇರುವುದಿಲ್ಲ. ಮಧ್ಯಾಹ್ನ ಅಂಗಡಿ, ಚರ್ಚು ಮುಚ್ಚುತ್ತವೆ. ಇಂಗ್ಲಿಷ್ ಕಡಿಮೆ. ಕಾರು ತೆಗೆದುಕೊಂಡರೆ ಹಳೆಯ ಊರುಗಳ ಒಳಗೆ ಜೆಡ್‌ಟಿಎಲ್ ಅನ್ನುವ ಫಲಕ ಕಂಡಲ್ಲಿ ನುಗ್ಗಬೇಡಿ. ಅನುಮತಿ ಇರುವ ಗಾಡಿಗಳಿಗೆ ಮಾತ್ರ ಆ ಬೀದಿ. ಕ್ಯಾಮೆರಾ ಇರುತ್ತದೆ, ದಂಡ ಮನೆಗೆ ಬಂದ ಮೇಲೂ ಹುಡುಕಿಕೊಂಡು ಬರುತ್ತದೆ. ಪಲೆರ್ಮೊದ ಗದ್ದಲ, ಬೀದಿಯ ಕಸ ಕೆಲವರಿಗೆ ಹಿಡಿಸುವುದಿಲ್ಲ. ಅಂಥವರು ಪೂರ್ವದ ಕಡೆ, ಅಂದರೆ ಸಿರಾಕ್ಯೂಸ್, ನೋಟೊ, ತಾವೊರ್ಮೀನಾ ಕಡೆ ಹೆಚ್ಚು ದಿನ ಇರಲಿ.

ಕ್ರೀಟ್: ಹಳೆಯ ಅರಮನೆ ಬೇಕು, ಬೆಟ್ಟವೂ ಬೇಕು ಅನ್ನುವವರಿಗೆ

ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಇಲ್ಲಿ ಮಿನೋವನ್ ಜನರು ಅರಮನೆಗಳನ್ನು ಕಟ್ಟಿದರು. ಕ್ನೋಸೋಸ್, ಫೈಸ್ಟೋಸ್, ಮಾಲಿಯಾ ಸೇರಿ ಆರು ಅರಮನೆಗಳು 2025ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಕ್ನೋಸೋಸ್‌ಗೆ ದ್ವೀಪದ ದೊಡ್ಡ ಊರಾದ ಹೆರಾಕ್ಲಿಯಾನ್‌ನಿಂದ ಸಿಟಿ ಬಸ್ಸಿದೆ, ಐದೇ ಕಿಲೋಮೀಟರ್. ಅಲ್ಲಿ ಕಾಣುವ ಕೆಂಪು ಕಂಬಗಳು ಹಳೆಯವಲ್ಲ. 1900ರಲ್ಲಿ ಅಗೆತ ಶುರು ಮಾಡಿದ ಆರ್ಥರ್ ಎವಾನ್ಸ್ ತನ್ನ ಕಲ್ಪನೆಯಂತೆ ಕಾಂಕ್ರೀಟಿನಲ್ಲಿ ಕಟ್ಟಿಸಿದ್ದು. ಇದು ಸರಿಯೇ ತಪ್ಪೇ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ಮಕ್ಕಳಿಗೆ ಮಾತ್ರ ಅರಮನೆ ಹೇಗಿತ್ತು ಅಂತ ಊಹಿಸಲು ಸಹಾಯವಾಗುತ್ತದೆ. ಹೊಸದೇನೂ ಸೇರಿಸದ, ಅಗೆದಾಗ ಹೇಗಿತ್ತೋ ಹಾಗೇ ಇರುವ ಜಾಗ ಬೇಕೆಂದರೆ ಫೈಸ್ಟೋಸ್‌ಗೆ ಹೋಗಿ. ಗುಡ್ಡದ ಮೇಲೆ, ಬಯಲನ್ನು ನೋಡುತ್ತ ನಿಂತಿದೆ.

ಹೆರಾಕ್ಲಿಯಾನ್ ಮ್ಯೂಸಿಯಮ್ಮಿಗೆ ಅರ್ಧ ದಿನ ಕೊಡಿ. ಅಲ್ಲಿ ಮಿನೋವನ್ನರ ಲೀನಿಯರ್ ಎ ಲಿಪಿಯ ಮಣ್ಣಿನ ಹಲಗೆಗಳಿವೆ. ನಮ್ಮ ಸಿಂಧೂ ಲಿಪಿಯ ಹಾಗೆ ಅದನ್ನೂ ಇನ್ನೂ ಯಾರೂ ಓದಿಲ್ಲ. ಅದರ ನಂತರ ಬಂದ ಲೀನಿಯರ್ ಬಿ ಲಿಪಿಯನ್ನು 1952ರಲ್ಲಿ ಮೈಕೆಲ್ ವೆಂಟ್ರಿಸ್ ಓದಿದ. ಶಾಸನ ಕಂಡರೆ ನಿಲ್ಲುವ ಅಭ್ಯಾಸ ನಿಮಗಿದ್ದರೆ ಗೋರ್ತಿನ್ ಬಿಡಬೇಡಿ. ಕ್ರಿ.ಪೂ. 5ನೇ ಶತಮಾನದ ಕಾನೂನನ್ನು ಅಲ್ಲಿ ಗೋಡೆಯ ಮೇಲೆ ಕೊರೆದಿದ್ದಾರೆ. ಮದುವೆ, ವಿಚ್ಛೇದನ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು ಎಲ್ಲವೂ ಇದೆ. ಒಂದು ಸಾಲು ಎಡದಿಂದ ಬಲಕ್ಕೆ, ಮುಂದಿನದು ಬಲದಿಂದ ಎಡಕ್ಕೆ, ನೇಗಿಲು ಹೊಡೆದಂತೆ ಸಾಗುತ್ತದೆ.

ಪಶ್ಚಿಮದ ಖಾನಿಯಾ, ನಡುವಿನ ರೆತಿಮ್ನೊ ವೆನಿಸ್‌ನವರ ಊರುಗಳು. ವೆನಿಸ್ ಈ ದ್ವೀಪವನ್ನು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಆಳಿತು. ಹೆರಾಕ್ಲಿಯಾನ್ ಮಾತ್ರ 1648ರಿಂದ 1669ರವರೆಗೆ ಒಟ್ಟೋಮನ್ ಮುತ್ತಿಗೆಯನ್ನು ತಡೆದು ನಿಂತು ಕೊನೆಗೆ ಸೋತಿತು. ನಡೆಯುವ ಶಕ್ತಿ ಇರುವವರಿಗೆ ಸಮಾರಿಯಾ ಕಣಿವೆ ಇದೆ. ಹದಿನಾರು ಕಿಲೋಮೀಟರ್, ಮೇಯಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಚಿಕ್ಕ ಮಕ್ಕಳು, ವಯಸ್ಸಾದವರಿಗೆ ಬೇಡ.

ಊಟದ ವಿಷಯದಲ್ಲಿ ಐದರಲ್ಲಿ ಕ್ರೀಟ್‌ಗೇ ಮೊದಲ ಸ್ಥಾನ ಕೊಡುತ್ತೇನೆ. ಬೆಟ್ಟದ ಸೊಪ್ಪು, ಕಾಳು, ಆಲಿವ್ ಎಣ್ಣೆ ಅಲ್ಲಿನವರ ದಿನದ ಊಟ. ದಾಕೋಸ್ ಅಂದರೆ ಗಟ್ಟಿ ಬಾರ್ಲಿ ರಸ್ಕಿನ ಮೇಲೆ ಟೊಮೇಟೊ, ಚೀಸ್. ಅನ್ನ ತುಂಬಿದ ಟೊಮೇಟೊ, ದೊಣ್ಣೆಮೆಣಸಿನಕಾಯಿ ಸಿಗುತ್ತದೆ. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ಅಡುಗೆಯಲ್ಲಿ ಮಾಂಸ, ಹಾಲು, ಮೊಟ್ಟೆ ಇರುವುದಿಲ್ಲ. ಆದರೆ ಸಿಗಡಿ, ಸ್ಕ್ವಿಡ್ ಇರಬಹುದು. ಅದನ್ನು ಮಾತ್ರ ಕೇಳಿಕೊಳ್ಳಿ.

ದ್ವೀಪ 260 ಕಿಲೋಮೀಟರ್ ಉದ್ದ. ಉತ್ತರ ತೀರದಲ್ಲಿ ಕೆಟಿಇಎಲ್ ಬಸ್ಸು ಚೆನ್ನಾಗಿದೆ. ದಕ್ಷಿಣಕ್ಕೆ, ಫೈಸ್ಟೋಸ್-ಗೋರ್ತಿನ್‌ಗೆ ಕಾರು ಇದ್ದರೆ ಒಳ್ಳೆಯದು. ಎಂಟು ದಿನವಾದರೂ ಇಟ್ಟುಕೊಳ್ಳಿ. ಸಾಂಟೊರಿನಿ ದ್ವೀಪ ಬೇಕೇ ಬೇಕು ಅನ್ನುವವರಿಗೆ ಬೇಸಿಗೆಯಲ್ಲಿ ಹೆರಾಕ್ಲಿಯಾನ್‌ನಿಂದ ಫೆರಿ ಇದೆ. ಆದರೆ ಅದಕ್ಕಾಗಿ ಕ್ರೀಟ್‌ನ ದಿನ ಕತ್ತರಿಸಬೇಡಿ.

ರೋಡ್ಸ್: ಗ್ರೀಸ್ ಪ್ರವಾಸಕ್ಕೆ ಸೇರಿಸಿಕೊಳ್ಳಲು

ರೋಡ್ಸ್‌ಗೊಂದೇ ಬೆಂಗಳೂರಿನಿಂದ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಅಥೆನ್ಸ್ ನೋಡಲು ಹೊರಟವರು ಮೂರು ನಾಲ್ಕು ದಿನ ಸೇರಿಸಿಕೊಂಡರೆ ಮಾತ್ರ ಬಹಳ ಚೆನ್ನ. ಮಾಲ್ಟಾಗೆ ಹೋಗುವ ಮುಂಚೆ 1309ರಿಂದ 1522ರವರೆಗೆ ಅದೇ ನೈಟ್‌ಗಳು ಇಲ್ಲಿದ್ದರು. ಕೋಟೆಯೊಳಗಿನ ಹಳೆಯ ಊರಲ್ಲಿ ಜನ ಇವತ್ತಿಗೂ ಬದುಕುತ್ತಿದ್ದಾರೆ. ನೈಟ್‌ಗಳ ಬೀದಿಯಲ್ಲಿ ಬೆಳಿಗ್ಗೆ ಬೇಗ ನಡೆಯಿರಿ, ಹಡಗಿನ ಪ್ರವಾಸಿಗರು ಇಳಿಯುವ ಮುಂಚೆ. ಪ್ರಾಚೀನ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾದ ಕೊಲೊಸಸ್ ಮೂರ್ತಿ ಕ್ರಿ.ಪೂ. 3ನೇ ಶತಮಾನದ ಭೂಕಂಪದಲ್ಲೇ ಬಿತ್ತು. ಅದನ್ನು ನೋಡಲು ಹೋಗುವುದಾದರೆ ಅಲ್ಲಿ ಏನೂ ಉಳಿದಿಲ್ಲ. ಲಿಂಡೋಸ್‌ನ ಗುಡ್ಡದ ಮೇಲಿನ ದೇವಾಲಯಕ್ಕೆ ತುಂಬಾ ಮೆಟ್ಟಿಲು. ಹಳೆಯ ಊರಿನ ನೆಲ ಪೂರ್ತಿ ಉರುಟುಗಲ್ಲು, ಮಂಡಿನೋವಿಗೆ ಆಗುವುದಿಲ್ಲ. ಚಳಿಗಾಲದಲ್ಲಿ ಹೋಟೆಲು, ಅಂಗಡಿ ಬಹುಪಾಲು ಮುಚ್ಚಿರುತ್ತವೆ.

ಸೈಪ್ರಸ್: ಇತಿಹಾಸ ಇನ್ನೂ ಮುಗಿಯದ ಜಾಗ

ಉಳಿದ ನಾಲ್ಕು ಕಡೆ ಇತಿಹಾಸ ಮುಗಿದ ಕಥೆ. ಸೈಪ್ರಸ್‌ನಲ್ಲಿ ಅದು ಇವತ್ತಿಗೂ ನಡೆಯುತ್ತಿದೆ. 1974ರಿಂದ ದ್ವೀಪ ಎರಡಾಗಿ ಒಡೆದಿದೆ: ದಕ್ಷಿಣದಲ್ಲಿ ಗ್ರೀಕ್ ಮಾತಾಡುವವರ ಸೈಪ್ರಸ್ ಗಣರಾಜ್ಯ, ಉತ್ತರದಲ್ಲಿ ತುರ್ಕರು. ರಾಜಧಾನಿ ನಿಕೋಸಿಯಾದ ನಡುವೆ ವಿಶ್ವಸಂಸ್ಥೆಯ ಪಡೆ ಕಾಯುವ ಗೆರೆಯಿದೆ. ಲೆಡ್ರಾ ಬೀದಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ನಡೆದೇ ಆಚೆ ದಾಟಬಹುದು. ಈಚೆ ಗ್ರೀಕ್ ಕಾಫಿ, ಆಚೆ ಹಳೆಯ ಗಾಥಿಕ್ ಚರ್ಚು ಮಸೀದಿಯಾಗಿ ನಿಂತಿದೆ.

ಈ ಕಥೆಯಲ್ಲಿ ಕೊಡಗಿನವರೊಬ್ಬರು ಇದ್ದಾರೆ. ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ಮುಖ್ಯಸ್ಥರಾದರು. 1965ರ ಡಿಸೆಂಬರ್‌ನಲ್ಲಿ ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಗೌರವಕ್ಕೆ ಅಂಚೆಚೀಟಿ ಹೊರಡಿಸಿತು. ಆ ಗೆರೆಯ ಪಕ್ಕ ನಿಲ್ಲುವಾಗ ಇದು ಗೊತ್ತಿದ್ದರೆ ನೋಡುವ ರೀತಿಯೇ ಬದಲಾಗುತ್ತದೆ.

ಹಳೆಯದೂ ಬೇಕಾದಷ್ಟಿದೆ. ಪಾಫೋಸ್‌ನ ರೋಮನ್ ಮೊಸಾಯಿಕ್‌ಗಳು ಸಮುದ್ರದ ಪಕ್ಕದಲ್ಲೇ, ನೆಲ ಸಮತಟ್ಟು, ಹಿರಿಯರಿಗೆ ಸುಲಭ. ತ್ರೋದೋಸ್ ಬೆಟ್ಟದಲ್ಲಿ ಸಣ್ಣ ಸಣ್ಣ ಚರ್ಚುಗಳು, ಹೊರಗೆ ಮರದ ಮಾಡು, ಒಳಗೆ ಗೋಡೆಯ ತುಂಬ ಬೈಜಾಂಟೈನ್ ಚಿತ್ರಗಳು. ಕಾರಿಲ್ಲದೆ ಇವನ್ನು ನೋಡಲಾಗುವುದಿಲ್ಲ, ಆದರೆ ಎಡಗಡೆಯ ರಸ್ತೆ, ಇಂಗ್ಲಿಷ್ ಫಲಕ ಇರುವುದರಿಂದ ನಮಗೆ ಓಡಿಸುವುದು ಕಷ್ಟವಿಲ್ಲ. ಹಲೂಮಿ ಚೀಸನ್ನು ಕೆಂಡದ ಮೇಲೆ ಸುಟ್ಟು ಕೊಡುತ್ತಾರೆ, ಸಸ್ಯಾಹಾರಿಗಳಿಗೆ ಅದೇ ಆಧಾರ.

ಸೈಪ್ರಸ್ ಯುರೋಪಿಯನ್ ಒಕ್ಕೂಟದಲ್ಲಿದೆ. ಆದರೆ 2025ರವರೆಗೂ ಷೆಂಗೆನ್‌ಗೆ ಸೇರಿರಲಿಲ್ಲ. ಅದಕ್ಕೇ ಪ್ರತ್ಯೇಕ ವೀಸಾ ಇದೆ. ಎರಡು ಅಥವಾ ಹೆಚ್ಚು ಪ್ರವೇಶದ ಷೆಂಗೆನ್ ವೀಸಾ ಇರುವವರಿಗೆ ರಿಯಾಯಿತಿ ಉಂಟು. ಅರ್ಜಿ ಹಾಕುವ ಹೊತ್ತಿನ ನಿಯಮ ನೋಡಿಕೊಳ್ಳಿ. ಒಂದು ಎಚ್ಚರಿಕೆ: ಉತ್ತರದ ಎರ್ಜಾನ್ ವಿಮಾನ ನಿಲ್ದಾಣದ ಮೂಲಕ ಬರುವುದನ್ನು ಸೈಪ್ರಸ್ ಗಣರಾಜ್ಯ ಅಕ್ರಮ ಅನ್ನುತ್ತದೆ. ಟಿಕೆಟ್ ಅಗ್ಗ ಅಂತ ಆ ದಾರಿ ಹಿಡಿಯಬೇಡಿ. ಲಾರ್ನಾಕಾ ಅಥವಾ ಪಾಫೋಸ್‌ಗೇ ಇಳಿಯಿರಿ.

ಖರ್ಚು ಮತ್ತು ಆಯ್ಕೆ

ಐದಕ್ಕೂ ವಿಮಾನದ ಖರ್ಚೇ ದೊಡ್ಡದು. ಅದನ್ನು ಬಿಟ್ಟರೆ ವ್ಯತ್ಯಾಸ ಬರುವುದು ರೂಮು ಮತ್ತು ಓಡಾಟದಲ್ಲಿ. ಮಾಲ್ಟಾದಲ್ಲಿ ರೂಮು ಸ್ವಲ್ಪ ದುಬಾರಿ, ಆದರೆ ಕಾರಿನ ಖರ್ಚಿಲ್ಲ. ಸಿಸಿಲಿಯಲ್ಲಿ ತಾವೊರ್ಮೀನಾ ಒಂದನ್ನು ಬಿಟ್ಟರೆ ರೂಮು, ಊಟ ಎರಡೂ ಕೈಗೆಟುಕುತ್ತವೆ. ಕಾರು ಬಾಡಿಗೆ, ಪೆಟ್ರೋಲು ಸೇರಿದಾಗ ಲೆಕ್ಕ ಏರುತ್ತದೆ. ನಾಲ್ಕು ಜನ ಇದ್ದರೆ ಹಂಚಿಹೋಗುತ್ತದೆ, ಇಬ್ಬರೇ ಇದ್ದರೆ ಭಾರ. ಕ್ರೀಟ್‌ನಲ್ಲಿ ಮೇ ಮತ್ತು ಅಕ್ಟೋಬರ್‌ನಲ್ಲಿ ಅಡುಗೆಮನೆ ಇರುವ ಸಣ್ಣ ಮನೆಗಳು ಒಳ್ಳೆಯ ದರಕ್ಕೆ ಸಿಗುತ್ತವೆ. ಅಕ್ಕಿ, ಬೇಳೆ ಕಟ್ಟಿಕೊಂಡು ಹೋಗುವ ಕುಟುಂಬಗಳಿಗೆ ಇದು ಅನುಕೂಲ.

ಹೊಸದಾಗಿ ಮದುವೆಯಾದವರು ಏಳು ದಿನಕ್ಕೆ ಹೊರಟರೆ ಮಾಲ್ಟಾ ಮತ್ತು ಗೋಜೊ ಸಾಕು. ಅಪ್ಪ ಅಮ್ಮನ ಜೊತೆ ಹೋಗುವವರಿಗೆ ಸೈಪ್ರಸ್‌ನ ಪಾಫೋಸ್ ಅಥವಾ ಸಿಸಿಲಿಯ ಓರ್ತೀಜಿಯಾ ಹೇಳುತ್ತೇನೆ. ಎರಡೂ ಕಡೆ ಸಮತಟ್ಟು ನೆಲದಲ್ಲಿ ತುಂಬಾ ನೋಡಬಹುದು. ಮಾಲ್ಟಾಗೇ ಕರೆದುಕೊಂಡು ಹೋಗುವುದಾದರೆ ವಲೆಟ್ಟಾದ ಏರಿನ ಬೀದಿಗಳ ಬದಲು ಸ್ಲೀಮಾದ ಸಮುದ್ರದ ದಂಡೆಯಲ್ಲಿ ರೂಮು ಮಾಡಿ. ಹೈಸ್ಕೂಲ್ ಓದುವ ಮಕ್ಕಳು ಜೊತೆಗಿದ್ದರೆ ಕ್ರೀಟ್. ಗೂಳಿತಲೆಯ ರಾಕ್ಷಸ ಮಿನೋಟಾರ್‌ನ ಕಥೆ, ಅರಮನೆ, ಕಣಿವೆ, ಸಮುದ್ರ ಎಲ್ಲವೂ ಇರುವುದರಿಂದ ಬೇಜಾರಾಗುವುದಿಲ್ಲ. ನಿವೃತ್ತರಾಗಿ ಸಮಯ ಕೈಯಲ್ಲಿದ್ದು, ನಿಧಾನವಾಗಿ ನೋಡುವ ಮನಸ್ಸಿದ್ದರೆ ಸಿಸಿಲಿಗೇ ಹೋಗಿ. ಎರಡು ವಾರ ಇರಲಿ.

ಎರಡು ದ್ವೀಪ ಸೇರಿಸಲೇಬೇಕು ಅನ್ನುವವರಿಗೆ ನಾನು ಒಪ್ಪುವ ಜೋಡಿ ಒಂದೇ, ಮಾಲ್ಟಾ ಮತ್ತು ಸಿಸಿಲಿಯ ಪೂರ್ವಭಾಗ. ವಲೆಟ್ಟಾದಿಂದ ಸಿಸಿಲಿಯ ಪೊತ್ಸಾಲೊ ಬಂದರಿಗೆ ವೇಗದ ಫೆರಿ ಎರಡು ಗಂಟೆಯೊಳಗೆ ತಲುಪಿಸುತ್ತದೆ. ಅಲ್ಲಿಂದ ನೋಟೊ, ಸಿರಾಕ್ಯೂಸ್ ಹತ್ತಿರ. ಒಂದೇ ಷೆಂಗೆನ್ ವೀಸಾ ಸಾಕು. ಮಾಲ್ಟಾಗೆ ಇಳಿದು ಕತಾನಿಯಾದಿಂದ ವಾಪಸು ಹೊರಡಿ, ಹೋದ ದಾರಿಯಲ್ಲೇ ಹಿಂದೆ ಬರುವುದು ತಪ್ಪುತ್ತದೆ. ಹನ್ನೊಂದು ಹನ್ನೆರಡು ದಿನದಲ್ಲಿ ಇದು ಆರಾಮಾಗಿ ಆಗುತ್ತದೆ. ಕ್ರೀಟ್ ಜೊತೆ ಸೈಪ್ರಸ್, ಸಿಸಿಲಿ ಜೊತೆ ರೋಡ್ಸ್ ಅಂತ ಸೇರಿಸಿದರೆ ಸುಮ್ನೆ ವಿಮಾನ ನಿಲ್ದಾಣದಲ್ಲಿ ದಿನ ಕಳೆಯುತ್ತದೆ.

ತೀರ್ಮಾನ ಆದಮೇಲೆ ಕೆಲಸದ ಕ್ರಮ ಹೀಗಿರಲಿ. ಷೆಂಗೆನ್ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದಲೇ ಹಾಕಬಹುದು. ಏಪ್ರಿಲ್-ಮೇಗೆ ಹೋಗುವವರು ಜನವರಿಯಲ್ಲೇ ಅಪಾಯಿಂಟ್‌ಮೆಂಟ್ ಹಿಡಿಯಿರಿ, ಬೇಸಿಗೆ ರಜೆಯ ಹತ್ತಿರ ಸಿಗುವುದಿಲ್ಲ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚಕ್ಕೆ ಇರಬೇಕು. ವೀಸಾ ಬರುವವರೆಗೆ ರದ್ದು ಮಾಡಬಹುದಾದ ರೂಮುಗಳನ್ನೇ ಕಾದಿರಿಸಿ. ಈಸ್ಟರ್ ದಿನಾಂಕವನ್ನೂ ನೋಡಿ. ಆ ವಾರ ಮೆರವಣಿಗೆಗಳು ನೋಡುವಂತಿರುತ್ತವೆ, ಆದರೆ ಬಸ್ಸು ಕಡಿಮೆ, ರೂಮು ದುಬಾರಿ. ಕ್ರೀಟ್, ರೋಡ್ಸ್, ಸೈಪ್ರಸ್‌ನ ಆರ್ಥೊಡಾಕ್ಸ್ ಈಸ್ಟರ್ ಬಹಳಷ್ಟು ವರ್ಷ ಮಾಲ್ಟಾ, ಸಿಸಿಲಿಯ ಈಸ್ಟರ್‌ಗಿಂತ ತಡವಾಗಿ ಬರುತ್ತದೆ. ಆಯಾ ದ್ವೀಪದ ಕ್ಯಾಲೆಂಡರ್ ನೋಡಿಯೇ ಟಿಕೆಟ್ ತೆಗೆಯಿರಿ.